ಕಾಲು ತೊಳೆದ ಧಣಿ
ಧಣಿಯೇ ಬಗ್ಗಿ ಗುಲಾಮರ ಕಾಲು ತೊಳೀತಾನೆ. 12 ಜನರನ್ನ ತನ್ನ ಮೇಜಿಗೇ ಕೂರಿಸಿ ಊಟ ಹಾಕ್ತಾನೆ, ವೈನ್ ಕುಡಿಸ್ತಾನೆ. ಎಂಥ ಪುಣ್ಯಾತ್ಮ, ಅಲ್ವಾ? ತಾಳಿ!

ಇದು 1976ರ ಕ್ಯೂಬಾ ಸಿನಿಮಾ, ‘ದಿ ಲಾಸ್ಟ್ ಸಪ್ಪರ್’. ನಿರ್ದೇಶಕ ತೊಮಾಸ್ ಗುಟಿಯೆರೆಸ್ ಅಲೆಯಾ. ಕತೆ 18ನೇ ಶತಮಾನದ ಕೊನೆಯದು. ಜಾಗ, ಕಬ್ಬಿನ ತೋಟ. ಧಣಿಗೆ ತಾನೇ ಯೇಸು ಅನ್ನೋ ಭ್ರಮೆ. ತುತ್ತಿನ ಮಧ್ಯೆ ಉಪದೇಶ ಬೇರೆ: ನೋವು ಸಹಿಸೋದೇ ನಿಜವಾದ ಸುಖವಂತೆ! ನಾಳೆ ಗುಡ್ ಫ್ರೈಡೇ, ಕೆಲಸಕ್ಕೆ ರಜೆ ಅಂತ ಮಾತೂ ಕೊಡ್ತಾನೆ.

ಬೆಳಗಾದ್ರೆ ಮೇಸ್ತ್ರಿ ಕೆಲಸಕ್ಕೆ ಎಬ್ಬಿಸ್ತಾನೆ. ಗುಲಾಮರು ತಿರುಗಿಬೀಳ್ತಾರೆ. ತನ್ನ ಜೊತೆ ಉಂಡವರ ತಲೆಯನ್ನೇ ಧಣಿ ಕಡಿಸ್ತಾನೆ. ಅವರಲ್ಲಿ ಸೆಬಾಸ್ಟಿಯನ್ ಅನ್ನೋ ಗುಲಾಮ ಒಬ್ಬ ಮಾತ್ರ ಕೈಗೆ ಸಿಗಲ್ಲ.

ಇದು ಬರೀ ಕಟ್ಟುಕತೆಯಲ್ಲ. ಇತಿಹಾಸಕಾರ ಮೊರೆನೊ ಫ್ರಾಹಿನಾಲ್ಸ್ ತಮ್ಮ ಪುಸ್ತಕದಲ್ಲಿ ಬರೆದ ಪ್ರಸಂಗವೇ ಇದಕ್ಕೆ ಮೂಲ. ಊಟದ ದೃಶ್ಯ ತುಂಬಾ ಉದ್ದ. ದಯವಿಟ್ಟು ಓಡಿಸದೆ ನೋಡಿ.