‘ಕಾನಡೆ’ ಎಂಬ ಅಡ್ಡಹೆಸರು

ಪುಣೆಯ ಮರಾಠಿ ಮನೆತನಗಳಲ್ಲಿ ‘ಕಾನಡೆ’ ಎಂಬ ಅಡ್ಡಹೆಸರು ಉಂಟು. ಕನ್ನಡಿಗರ ಕಿವಿಗೆ ಇದು ಒಡನೆಯೇ ಪರಿಚಿತವೆನಿಸುವುದು ಸಹಜ. ಆದರೆ ಧ್ವನಿಸಾಮ್ಯವೊಂದೇ ಪ್ರಮಾಣವಾಗಲಾರದು. ‘ಕನಡೆ’ ಎಂಬ ಮನೆತನದ ಹೆಸರು ಜಪಾನಿನಲ್ಲಿಯೂ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದುದರಿಂದ ಶಬ್ದದ ರೂಪವನ್ನೇ ಮೊದಲು ಪರೀಕ್ಷಿಸತಕ್ಕದ್ದು.

ಪ್ರಾಕೃತದ ಒತ್ತಕ್ಷರವು ಮರಾಠಿಯಲ್ಲಿ ಸಡಿಲಗೊಂಡು, ಅದರ ಹಿಂದಿನ ಸ್ವರವು ದೀರ್ಘವಾಗುವುದು ವಾಡಿಕೆ. ಸಂಸ್ಕೃತದ ‘ಸಪ್ತ’ವು ‘ಸತ್ತ’ವಾಗಿ ‘ಸಾತ’ ಆಯಿತು. ‘ಕರ್ಣ’ವು ‘ಕಣ್ಣ’ವಾಗಿ ‘ಕಾನ’ ಆಯಿತು. ‘ಕನ್ನಡ’ವು ‘ಕಾನಡಾ’ ಆದುದೂ ಇದೇ ಹಾದಿಯಲ್ಲಿ. ಮರಾಠಿಯ ಆಕಾರಾಂತ ಪುಲ್ಲಿಂಗ ಶಬ್ದಗಳು ಬಹುವಚನದಲ್ಲಿ ಏಕಾರಾಂತವಾಗುತ್ತವೆ. ಕಪ್ಪಗಿರುವವನು ‘ಕಾಳಾ’, ಅದರಿಂದ ‘ಕಾಳೆ’. ಬೆಳ್ಳಗಿರುವವನು ‘ಗೋರಾ’, ಅದರಿಂದ ‘ಗೋರೆ’. ಹಾಗೆಯೇ ‘ಕಾನಡೆ’ ಎಂದರೆ ಕನ್ನಡದವರು. ಊರಿನಿಂದ ಬಂದ ಹೆಸರಾಗಿದ್ದರೆ ಪುಣೇಕರ, ಸಾಂಗಲೀಕರ ಎಂಬಲ್ಲಿಯಂತೆ ‘ಕರ’ ಎಂಬುದು ಸೇರಬೇಕಾಗಿತ್ತು. ಇಲ್ಲಿ ಹೇಳಿರುವುದು ಊರನ್ನಲ್ಲ, ಜನವನ್ನು.

ಕನ್ನಡಿಗರ ನಡುವೆ ಯಾರನ್ನೂ ‘ಕನ್ನಡದವನು’ ಎಂದು ಬೇರೆಯಾಗಿ ಕರೆಯಬೇಕಾಗುವುದಿಲ್ಲ. ಇಂಥ ಹೆಸರನ್ನು ಇಡುವವರು ನೆರೆಯವರು. ಇದಕ್ಕೆ ದೂರದ ಸಾದೃಶ್ಯವೊಂದುಂಟು. 1169ರ ನಾರ್ಮನ್ ದಂಡಯಾತ್ರೆಯ ತರುವಾಯ ವೇಲ್ಸಿನಿಂದ ಐರ್ಲೆಂಡಿಗೆ ಬಂದು ನೆಲೆಸಿದವರಿಗೆ ‘ವಾಲ್ಶ್’ ಎಂಬ ಹೆಸರು ಅಂಟಿತು. ಅದರ ಅರ್ಥ ‘ವೇಲ್ಸಿನವನು’ ಎಂದೇ. ‘ವೇಲ್ಸ್’ ಎಂಬ ಶಬ್ದದ ಹಳೆಯ ಇಂಗ್ಲಿಷ್ ಮೂಲಕ್ಕೆ ‘ಪರಕೀಯ’ ಎಂಬ ಅರ್ಥವಿದ್ದಿತು. ಮರಾಠಿಯ ‘ಕಾನಡಾ’ ಶಬ್ದಕ್ಕೂ ‘ತಿಳಿಯದ, ಗೂಢವಾದ’ ಎಂಬ ಇನ್ನೊಂದು ಅರ್ಥವಿದೆ. ಆದರೂ ಅದು ಕೇವಲ ಪರಕೀಯತೆಯ ಮಾತಾಗಿ ಉಳಿಯಲಿಲ್ಲ. 13ನೆಯ ಶತಮಾನದ ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ಪಂಢರಪುರದ ವಿಠಲನನ್ನೇ ಈ ಶಬ್ದದಿಂದ ಕರೆದು, ಜೊತೆಗೆ ಕರ್ನಾಟಕದವನೆಂದೂ ಹೇಳುತ್ತದೆ.

ಇಷ್ಟರಿಂದ ಕಾನಡೆಯವರೆಲ್ಲರ ಪೂರ್ವಜರು ಕನ್ನಡಿಗರೆಂದು ಸಾಧಿಸಿದಂತಾಗದು. ಕನ್ನಡ ಸೀಮೆಯಲ್ಲಿ ಕೆಲಕಾಲ ನೆಲೆಸಿ ಮರಳಿದವರಿಗೂ ಅಂಥ ಹೆಸರು ಬರಬಹುದು. ಶಬ್ದದ ಮೂಲ ಬೇರೆ, ಮನೆತನದ ಮೂಲ ಬೇರೆ. ಎರಡನೆಯದನ್ನು ಕುಲವೃತ್ತಾಂತ, ಕುಲದೈವ, ಹಳೆಯ ಕಾಗದಪತ್ರಗಳಿಂದಲೇ ನಿರ್ಧರಿಸಬೇಕು.

ಪುಣೆಯ ಕನ್ನಡಿಗರಿಗೆ ಇದರಲ್ಲಿ ವಿಚಾರಮಾಡತಕ್ಕ ಅಂಶವೊಂದಿದೆ. ಧಾರವಾಡ, ವಿಜಯಪುರಗಳ ಕಡೆಯಿಂದ ಬಂದ ಕುಲಕರ್ಣಿ, ದೇಶಪಾಂಡೆ, ಜೋಶಿ ಮನೆತನಗಳ ಹೆಸರುಗಳು ಮರಾಠಿಗರಲ್ಲಿಯೂ ಇವೆ. ಅವುಗಳಿಂದ ಮನೆಮಾತು ತಿಳಿಯದು. ಕನ್ನಡವನ್ನೇ ಹೆಸರಾಗಿ ಹೊತ್ತ ಕಾನಡೆಯವರ ಮನೆಮಾತಾದರೋ ಮರಾಠಿ. ಹೆಸರು ನೂರಾರು ವರ್ಷ ಉಳಿದರೂ ಅದರ ಬಲದಿಂದ ಭಾಷೆ ಉಳಿಯದು. ಅದು ಉಳಿಯಬೇಕಾದರೆ ಮಕ್ಕಳೊಡನೆ ಮನೆಯಲ್ಲಿ ಆಡುವ ಮಾತೇ ಕನ್ನಡವಾಗಿರಬೇಕು.