ಗಾಜಿನ ಕಡಲಿನ ನೆರೆಹೊರೆ

ದೂಧಗಂಗೆ, ವೇದಗಂಗೆ, ಕೃಷ್ಣೆಯರ ಸಿಹಿನೀರಿನ ಮೀನುಗಳನ್ನಷ್ಟೇ ಬಲ್ಲ ಚಿಕ್ಕೋಡಿಯ ಸೀಮೆಯಲ್ಲಿ, ಹೊಗೆಸೊಪ್ಪಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಯ ಮಿತ್ರರೊಬ್ಬರ ಪಡಸಾಲೆಯೊಳಗೆ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಹವಳದ ದಿಬ್ಬದ ಮಾದರಿಯೊಂದು ಸಜೀವವಾಗಿ ನಿಂತಿರುವುದನ್ನು ಕಂಡಂದಿನಿಂದ ನನ್ನ ಮನಸ್ಸು ಅದನ್ನೇ ಸುತ್ತುತ್ತಿದೆ. ಮೀನುಗಳ ಬಣ್ಣವನ್ನು ನಾನು ಹೊಗಳತೊಡಗಿದಾಗ ಅವರು ಹೇಳಿದ್ದು ಒಂದೇ ಮಾತು: “ಬಣ್ಣ ಆಮ್ಯಾಲ ನೋಡ್ರಿ, ಮೊದಲ ಬಾಯಿ ನೋಡ್ರಿ.”

ಸಹವಾಸಯೋಗ್ಯವಾದ ಮೀನುಗಳನ್ನು ಆರಿಸುವ ಶಾಸ್ತ್ರದ ಬಹುಭಾಗ ಈ ಮಾತಿನಲ್ಲೇ ಅಡಗಿದೆ. ಎಷ್ಟೇ ಗಂಭೀರವಾಗಿ ತೇಲಿದರೂ ಸಿಂಹಮೀನು ತನ್ನ ಬಾಯಿಗೆ ಹಿಡಿಯುವ ನೆರೆಯವರನ್ನೆಲ್ಲ ನುಂಗುವುದು. ಟ್ರಿಗರ್ ಮೀನಿನ ಹಲ್ಲಿಗೆ ಸೀಗಡಿ ಏಡಿಗಳ ಚಿಪ್ಪು ಲೆಕ್ಕಕ್ಕಿಲ್ಲ. ಚಿಟ್ಟೆಮೀನುಗಳಲ್ಲಿ ಅನೇಕವು ಹವಳದ ಜೀವಗಳನ್ನೇ ಹೆಕ್ಕಿ ತಿನ್ನುವುವು. ಅಗ್ಗವೆಂದು ಅಂಗಡಿಯವರು ಮೊದಲು ಕೊಡುವ ನೀಲಿ ಡ್ಯಾಮ್ಸೆಲ್ ತೊಟ್ಟಿಯನ್ನೆಲ್ಲ ತನ್ನದೆಂದು ಭಾವಿಸಿ, ಅನಂತರ ಬಂದವರನ್ನು ಅಟ್ಟಾಡಿಸುವುದರಿಂದ, ಸಾಧುಮೀನುಗಳನ್ನು ಮುಂಚಿತವಾಗಿಯೂ ಜಗಳಗಂಟಿಗಳನ್ನು ಕಡೆಯಲ್ಲಿಯೂ ಬಿಡುವುದೇ ಲೇಸು. ಒಂದಡಿಯವರೆಗೆ ಬೆಳೆಯುವ ನೀಲಿ ಟ್ಯಾಂಗನ್ನು ಇಂತಹ ತೊಟ್ಟಿಯಲ್ಲಿ ಸಾಕುವುದು ನನ್ನ ಮಟ್ಟಿಗೆ ಕ್ರೌರ್ಯವೇ.

ಆದರೆ ನನ್ನನ್ನು ಅಲ್ಲಿ ಕಟ್ಟಿಹಾಕಿದುದು ಮರಳಿನ ಮೇಲೆ ಕುಳಿತಿದ್ದ ಬೆರಳುದ್ದದ ಗೋಬಿ ಮೀನು ಮತ್ತು ಅದರ ಜೊತೆಗಾರನಾದ ಪಿಸ್ತೂಲು ಸೀಗಡಿ. ಸೀಗಡಿಯ ದೃಷ್ಟಿ ಬಲು ಮಂದ. ಬಿಲ ತೋಡುವುದರಲ್ಲಿ ಮಾತ್ರ ಅದು ಅಸಾಮಾನ್ಯ. ಗೋಬಿಗೆ ಕಣ್ಣು ಚುರುಕಾದರೂ ಅಂತಹ ಬಿಲವನ್ನು ಕಟ್ಟುವ ಶಕ್ತಿಯಿಲ್ಲ. ಆದುದರಿಂದ ಒಂದು ಮಣ್ಣು ಹೊರುತ್ತಿರಲು ಇನ್ನೊಂದು ಬಾಗಿಲಲ್ಲಿ ಕಾವಲು ನಿಲ್ಲುವುದು. ಹೊರಗೆ ಬಂದಾಗಲೆಲ್ಲ ಸೀಗಡಿಯು ತನ್ನ ನೀಳವಾದ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುವುದು. ಅಪಾಯದ ಸುಳಿವು ಹತ್ತಿದೊಡನೆ ಗೋಬಿ ಬಾಲವನ್ನು ಅದುರಿಸುವುದು. ಮರುಕ್ಷಣದಲ್ಲಿ ಎರಡೂ ಬಿಲದೊಳಗೆ. ತನ್ನ ದೊಡ್ಡ ಕೊಂಡಿಯನ್ನು ಫಟ್ಟನೆ ಮುಚ್ಚಿ, ನೀರಿನಲ್ಲಿ ಗುಳ್ಳೆಯೆಬ್ಬಿಸಿ, ಅದು ಒಡೆಯುವ ಆಘಾತದಿಂದಲೇ ಬೇಟೆಯನ್ನು ದಿಗ್ಭ್ರಮೆಗೊಳಿಸಬಲ್ಲ ಈ ಆಯುಧಪಾಣಿ, ತನ್ನ ಕಾವಲುಗಾರನಿಗೆ ಮಾತ್ರ ಎಂದೂ ಕೇಡೆಣಿಸದೆ ಒಂದೇ ಸೂರಿನಡಿ ಇರುಳು ಕಳೆಯುವುದನ್ನು ನೆನೆದಷ್ಟೂ ನನಗೆ ಆಶ್ಚರ್ಯವಾಗುತ್ತದೆ. ಈ ಜೋಡಿಯನ್ನು ತರುವವರು ಆಳವಾದ ಮರಳನ್ನೂ ಕಲ್ಲಿನ ಚೂರುಗಳನ್ನೂ ಹಾಸಿರಬೇಕು. ಸೀಗಡಿ ತಿನ್ನುವ ಹಾಕ್ ಮೀನನ್ನು ದೂರವಿಡಬೇಕು.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ, ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಸಾಕುವ ಈ ವಿದ್ಯೆ, 1951ರಲ್ಲಿ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವಾಗಿ ನಮ್ಮ ಸಮೀಪಕ್ಕೆ ಬಂದಿತು. ಇದಕ್ಕೆ ಬೇಕಾದ ಉಪ್ಪುನೀರನ್ನು ನಮ್ಮ ಸೀಮೆಯಲ್ಲಿ ನಾವೇ ಸಿದ್ಧಪಡಿಸಬೇಕು; ಆದರೆ ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ಕೃಷ್ಣೆಯ ದಂಡೆಯ ಹೊಲಗಳನ್ನು ಸವಳಾಗಿಸಿದ ಉಪ್ಪಿಗೂ ಕಡಲಿನ ಉಪ್ಪಿಗೂ ಸಂಬಂಧವಿಲ್ಲ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಸಮುದ್ರ ಲವಣದ ಮಿಶ್ರಣವನ್ನೇ ಕಲಸಬೇಕು. ವೈಶಾಖದ ಬಿಸಿಲಿಗೆ ನೀರು ಆರಿದಷ್ಟೂ ಉಪ್ಪು ಗಡುಸಾಗುವುದರಿಂದ, ಆರಿದ ಭಾಗವನ್ನು ಸಿಹಿನೀರಿನಿಂದಲೇ ತುಂಬಬೇಕು. ಉಷ್ಣತೆ 25–26 ಡಿಗ್ರಿಯ ಆಸುಪಾಸಿನಲ್ಲಿರಬೇಕು.

ದಿಬ್ಬ ಕಟ್ಟುವ ಗಡಸು ಹವಳಗಳೂ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವುದರಿಂದ, ಮುರ್ಡೇಶ್ವರದೆದುರಿನ ನೇತ್ರಾಣಿಯಂತಹ ದ್ವೀಪಗಳ ಐಶ್ವರ್ಯ ಅಲ್ಲಿಯೇ ಉಳಿಯತಕ್ಕದ್ದು. ಮಿತ್ರರ ತೊಟ್ಟಿಯ ಬಂಡೆಗಳೂ ಮನುಷ್ಯನಿರ್ಮಿತವೇ. ಮೀನಿನ ವಿಷಯದಲ್ಲಿಯೂ ಕಡಲಿನಿಂದ ಬಾಚಿ ತಂದುದಕ್ಕಿಂತ ಮರಿಮಾಡಿಸಿದ ಕ್ಲೌನ್ ಮೀನನ್ನು ನಾನು ಮೆಚ್ಚುವೆನು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಆ ವಿಧಾನವನ್ನು ನಮ್ಮ ದೇಶದಲ್ಲಿಯೇ ಸಾಧಿಸಿದೆ. ಎಳೆಯ ಮರಿಗಳೆರಡನ್ನು ಒಟ್ಟಿಗೆ ತಂದರೆ ಸಾಕು: ಬಲಿಷ್ಠವಾದುದು ಹೆಣ್ಣಾಗಿ ಮತ್ತೊಂದು ಗಂಡಾಗಿ ಬೆಳೆಯುವುವು, ಮೂರನೆಯದನ್ನು ಬಿಟ್ಟರೆ ಆ ದಂಪತಿಗಳು ಅದನ್ನು ಬಾಳಗೊಡುವುದು ವಿರಳ.