ನಿಮಗಿದು ಗೊತ್ತೇ? ನೆಲ ರಾಜ್ಯದ್ದು, ನಿಯಮ ದಿಲ್ಲಿಯದು

ಸಂವಿಧಾನದ 7ನೇ ಅನುಸೂಚಿಯ ಕೇಂದ್ರ, ರಾಜ್ಯ, ಸಮವರ್ತಿ ಪಟ್ಟಿಗಳನ್ನು ಎಷ್ಟು ಜಾಲಾಡಿದರೂ ‘ಪರಿಸರ’ ಎಂಬ ಬಾಬತ್ತು ಸಿಗುವುದಿಲ್ಲ. ಭೂಮಿ, ನೀರು, ಸ್ಥಳೀಯ ಸಂಸ್ಥೆಗಳು ರಾಜ್ಯದ ಪಾಲು. ಅರಣ್ಯವೂ ರಾಜ್ಯದ್ದೇ ಆಗಿತ್ತು; 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸರಿಸಿತು.

ನೀರು ರಾಜ್ಯದ್ದಾದರೆ 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಮಾಡಿದ್ದು ಹೇಗೆ? 12 ರಾಜ್ಯಗಳು 252ನೇ ವಿಧಿಯಡಿ ನಿರ್ಣಯ ಮಾಡಿ, ನೀವೇ ಕಾನೂನು ಮಾಡಿಕೊಡಿ ಎಂದು ಕೇಳಿದ್ದವು. ಅವುಗಳಲ್ಲಿ ಕರ್ನಾಟಕವೂ ಒಂದು. 1986ರ ಪರಿಸರ ಸಂರಕ್ಷಣಾ ಕಾಯ್ದೆಗೆ ಈ ಉಸಾಬರಿ ಬೇಕಾಗಲಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿಗೆ ತರಬೇಕೆಂದು 253ನೇ ವಿಧಿ ಹಿಡಿದರೆ ಸಾಕಾಯಿತು.

ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. ಹೆಸರಿನಲ್ಲಿ ‘ರಾಷ್ಟ್ರೀಯ’ ಇದ್ದರೂ ಅದು ಬರೀ ಶಿಫಾರಸು. ರಾಜ್ಯವೋ ನಗರಸಭೆಯೋ ತನ್ನ ಬೈಲಾದೊಳಗೆ ಸೇರಿಸಿಕೊಂಡರಷ್ಟೇ ಅದಕ್ಕೆ ಕಾನೂನಿನ ಬಲ.

ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿತೋ, ಪಾಲಿಕೆ ನಕ್ಷೆ ಮಂಜೂರು ಮಾಡಿದರಷ್ಟೇ ಸಾಲದು. 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಅದನ್ನು ಕೊಡುವ ರಾಜ್ಯ ಪ್ರಾಧಿಕಾರಕ್ಕೆ ಹೆಸರು ಸೂಚಿಸುವುದು ರಾಜ್ಯ, ರಚಿಸುವುದು ಕೇಂದ್ರ. ಹಳೆಯ ಪ್ರಾಧಿಕಾರದ ಅವಧಿ ಮುಗಿದು ಹೊಸದು ಬಾರದಿದ್ದರೆ ಕಡತ ನೇರ ದಿಲ್ಲಿಗೆ!

ಕೇಂದ್ರ-ರಾಜ್ಯಗಳ ಈ ಹಗ್ಗಜಗ್ಗಾಟ ತೀರಾ ಎಳೆದದ್ದು ಪಶ್ಚಿಮಘಟ್ಟದಲ್ಲಿ. ಘಟ್ಟದ ಸಂರಕ್ಷಣೆಗೆಂದು ಕೇಂದ್ರ ನೇಮಿಸಿದ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಘೋಷಿಸುವ ಕೇಂದ್ರದ ಕರಡು ಅಧಿಸೂಚನೆ 2014ರಲ್ಲಿ ಹೊರಬಿತ್ತು. ನಿಗದಿತ ಅವಧಿಯೊಳಗೆ ಅಂತಿಮಗೊಳ್ಳದ ಕರಡು ತಾನಾಗಿ ಬಿದ್ದುಹೋಗುತ್ತದೆ. ಹಾಗಾಗಿ 2015, 2017, 2018, 2022, 2024ರಲ್ಲಿ ಮತ್ತೆ ಮತ್ತೆ ಕರಡು! ಒಟ್ಟು ಆರು. ಇದರಲ್ಲಿ ಕರ್ನಾಟಕದ ಪಾಲೇ ಎಲ್ಲರಿಗಿಂತ ಹೆಚ್ಚು, 20,668 ಚದರ ಕಿ.ಮೀ. ಮಲೆನಾಡಿನ ಊರುಗಳಿಂದ ಬಂದ ವಿರೋಧಕ್ಕೆ ಇಲ್ಲಿ ಯಾವ ಪಕ್ಷದ ಸರ್ಕಾರವೂ ಬೆನ್ನು ತಿರುಗಿಸಲಿಲ್ಲ. ಆರನೇ ಕರಡು ಬಂದ ಎರಡೇ ತಿಂಗಳಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ, ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಕೇಂದ್ರದ ರೇರಾ ಕಾಯ್ದೆ ಇರುವಾಗಲೇ ಪಶ್ಚಿಮ ಬಂಗಾಳ 2017ರಲ್ಲಿ ಬಹುಪಾಲು ಅಂಥದ್ದೇ ಇನ್ನೊಂದು ಕಾಯ್ದೆ ಮಾಡಿಕೊಂಡಿತು. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಇನ್ನು ದಿಲ್ಲಿ. ಅಲ್ಲಿ ವಿಧಾನಸಭೆ ಇದೆ, ಮುಖ್ಯಮಂತ್ರಿಯೂ ಇದ್ದಾರೆ. ಆದರೆ ಭೂಮಿಯ ವಿಷಯ ಅವರ ಕೈಯಲ್ಲಿಲ್ಲ. ನಗರದ ಮಾಸ್ಟರ್ ಪ್ಲಾನ್ ತಯಾರಿಸುವ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಕೇಂದ್ರದ ಅಧೀನ, ಅದರ ಅಧ್ಯಕ್ಷರು ಲೆಫ್ಟಿನೆಂಟ್ ಗವರ್ನರ್.